ಹಳದಿ ಬಾವುಟ ಬಿದ್ದ ಮೇಲೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಪ್ಪಿನ ಬೆಲೆ ಕಟ್ಟುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಅಂತಿಮ ಪಂದ್ಯವಾದ ಸೂಪರ್ ಬೌಲ್ 2023ರಲ್ಲಿ ಅಮೆರಿಕದಲ್ಲಿ ಫೆಬ್ರುವರಿ 12ರ ಭಾನುವಾರ ನಡೆಯಿತು. ಭಾರತದಲ್ಲಿ ಕುಳಿತು ನೋಡುವವರಿಗೆ ಅದು ಸೋಮವಾರದ ನಸುಕು. ಕಾನ್ಸಸ್ ಸಿಟಿ ಚೀಫ್ಸ್ ಮತ್ತು ಫಿಲಡೆಲ್ಫಿಯಾ ಈಗಲ್ಸ್ ತಲಾ 35 ಅಂಕಗಳಲ್ಲಿ ಸಮವಾಗಿ ನಿಂತಿದ್ದವು. ಉಳಿದಿದ್ದ ಸಮಯ ಎರಡು ನಿಮಿಷಕ್ಕಿಂತ ತುಸು ಕಡಿಮೆ. ಈಗಲ್ಸ್ ತಂಡದ ಗೋಲು ಗೆರೆಗೆ 15 ಗಜ ದೂರದಲ್ಲಿ ಚೆಂಡು ಚೀಫ್ಸ್ ವಶದಲ್ಲಿತ್ತು. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಕ್ರಮಣವನ್ನು ನಡೆಸಿ ಚೆಂಡು ಎಸೆಯುವ ಆಟಗಾರ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ಜೊತೆಗಾರ ಜುಜು ಸ್ಮಿತ್-ಶುಸ್ಟರ್ ಕೈಗೆಟುಕದೆ ನೆಲ ಸೇರಿತು. ಜೊತೆಗೆ ಹಳದಿ ಬಟ್ಟೆಯ ತುಂಡೊಂದೂ ನೆಲ ಸೇರಿತು: ತಪ್ಪು ಕಂಡ ಅಧಿಕಾರಿ ಎಸೆಯುವ ಬಾವುಟ. ಈಗಲ್ಸ್‌ನ ಜೇಮ್ಸ್ ಬ್ರಾಡ್‌ಬೆರಿ ಎದುರಾಳಿಯ ಜೆರ್ಸಿಯನ್ನು ಹಿಡಿದು ಎಳೆದಿದ್ದರು. ಅದಕ್ಕೆ ನಿಯಮ ಪುಸ್ತಕ ನಿಗದಿಪಡಿಸಿದ ದಂಡ ಕೇವಲ ಐದು ಗಜ.

ಆ ಐದು ಗಜ ಪಂದ್ಯವನ್ನೇ ಮುಗಿಸಿತು ಎಂದು ಫಿಲಡೆಲ್ಫಿಯಾದ ಅಭಿಮಾನಿಗಳು ಇಂದಿಗೂ ಹಲ್ಲು ಕಡಿಯುತ್ತಾರೆ. ಅವರ ಸಿಟ್ಟಿನಲ್ಲಿ ಅರ್ಥವಿದೆ, ಆದರೆ ಲೆಕ್ಕ ತಪ್ಪಿದೆ. ಪಂದ್ಯ ಮುಗಿಸಿದ್ದು ಗಜಗಳಲ್ಲ, ಅವುಗಳ ಬೆನ್ನಿಗೆ ಅಂಟಿಕೊಂಡು ಬಂದ ಇನ್ನೊಂದು ಸಂಗತಿ. ಅಮೆರಿಕನ್ ಫುಟ್‌ಬಾಲ್‌ನ ದಂಡಗಳು ಹೊರಗಿನವರಿಗೆ ಗೋಜಲಾಗಿ ಕಾಣುವುದಕ್ಕೆ ಕಾರಣ ಇಲ್ಲೇ ಇದೆ. ಟಿವಿಯಲ್ಲಿ ಕಾಣುವುದು ಚೆಂಡು ಎಷ್ಟು ಹಿಂದೆ ಅಥವಾ ಮುಂದೆ ಸರಿಯಿತು ಎಂಬುದು. ಪಂದ್ಯವನ್ನು ತಿರುಗಿಸುವುದು ಎಷ್ಟನೇ ಡೌನ್ ಎಂಬುದು.

ಡೌನ್ ಎಂದರೆ ಒಂದು ಅವಕಾಶ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶಗಳಿರುತ್ತವೆ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಹೊಸ ಅವಕಾಶಗಳು, ಅಂದರೆ ಫಸ್ಟ್ ಡೌನ್. ಸಾಗದಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ಸಾಮಾನ್ಯವಾಗಿ ಮೂರು ಡೌನ್‌ಗಳಲ್ಲಿ ಕೆಲಸ ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ, ಗೋಲು ಕಂಬ ಹತ್ತಿರವಿದ್ದರೆ ಚೆಂಡನ್ನು ಕಂಬಗಳ ನಡುವೆ ಒದ್ದು, ಅಂದರೆ ಫೀಲ್ಡ್ ಗೋಲ್ ಹೊಡೆದು, ಮೂರು ಅಂಕ ಗಿಟ್ಟಿಸುತ್ತಾರೆ. ಆ ರಾತ್ರಿ ಚೀಫ್ಸ್‌ಗೆ ಅದು ಮೂರನೇ ಡೌನ್, ಇನ್ನೂ ಎಂಟು ಗಜ ಬೇಕಿತ್ತು. ಬಾವುಟ ಬೀಳದಿದ್ದರೆ ಅವರು ಫೀಲ್ಡ್ ಗೋಲ್ ಹೊಡೆಯುತ್ತಿದ್ದರು, ಈಗಲ್ಸ್‌ಗೆ ತಿರುಗೇಟು ನೀಡಲು ಒಂದೂಮುಕ್ಕಾಲು ನಿಮಿಷದಷ್ಟು ಸಮಯ ಸಿಗುತ್ತಿತ್ತು. ಆದರೆ ರಕ್ಷಣಾ ತಂಡ ಹೋಲ್ಡಿಂಗ್ ಮಾಡಿದರೆ, ಅಂದರೆ ಎದುರಾಳಿಯನ್ನು ಹಿಡಿದು ತಡೆದರೆ, ಐದು ಗಜದ ಜೊತೆಗೆ ತಾನಾಗಿಯೇ ಫಸ್ಟ್ ಡೌನ್ ಸಿಗುತ್ತದೆ. ಬೇಕಿದ್ದ ಎಂಟು ಗಜದಲ್ಲಿ ಐದನ್ನೇ ಕೊಟ್ಟರೂ ಸರಿ, ಹೊಸ ನಾಲ್ಕು ಅವಕಾಶಗಳು ಬಂದವು. ಮುಂದಿನ ಡೌನ್‌ನಲ್ಲಿ ಚೀಫ್ಸ್‌ನ ಜೆರಿಕ್ ಮೆಕಿನನ್ ಚೆಂಡನ್ನು ಗೋಲು ಗೆರೆ ದಾಟಿಸಿ ಟಚ್‌ಡೌನ್ ಮಾಡಬಹುದಾಗಿದ್ದರೂ, ಈಗಲ್ಸ್‌ಗೆ ಸಮಯ ಉಳಿಯದಿರಲೆಂದು ಬೇಕೆಂದೇ ಗೆರೆಗೆ ಎರಡು ಗಜ ಮೊದಲೇ ಜಾರಿ ಕುಳಿತರು. ಚೀಫ್ಸ್ ಗಡಿಯಾರವನ್ನು ಕರಗಿಸಿ, 8 ಸೆಕೆಂಡು ಉಳಿಯುವಂತೆ ಫೀಲ್ಡ್ ಗೋಲ್ ಹೊಡೆದು 38-35ರಲ್ಲಿ ಗೆದ್ದರು. ಪಂದ್ಯದ ನಂತರ ಬ್ರಾಡ್‌ಬೆರಿ ತಾನು ಜೆರ್ಸಿ ಎಳೆದಿದ್ದು ನಿಜವೆಂದು ನೇರವಾಗಿ ಒಪ್ಪಿಕೊಂಡರು; ರೆಫರಿಗಳು ನೋಡಿಯೂ ಬಿಟ್ಟುಬಿಡಬಹುದು ಎಂಬ ಆಸೆಯಿತ್ತು ಎಂದರು. ಆ ಆಸೆಯ ಬಗ್ಗೆ ಮುಂದೆ ಹೇಳುವುದಿದೆ.

ಮೊದಲು ಬಾವುಟದ ಬಗ್ಗೆ ನಾಲ್ಕು ಮಾತು. 1941ರವರೆಗೆ ಈ ಆಟದಲ್ಲಿ ಬಾವುಟವಿರಲಿಲ್ಲ, ತಪ್ಪು ಕಂಡಾಗ ಪೀಪಿ ಊದುತ್ತಿದ್ದರು. ಜನರ ಗದ್ದಲದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಓಹಾಯೊದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಇದಕ್ಕೆ ಬೇಸತ್ತು, ಕೆಂಪು-ಬಿಳಿ ಬಟ್ಟೆಯ ತುಂಡುಗಳನ್ನು ಹೆಂಡತಿ ಇರ್ಮಾ ಕೈಯಲ್ಲಿ ಹೊಲಿಸಿ, ತೂಕಕ್ಕೆ ಗುಂಡು ಕಟ್ಟಿಸಿ, ಆ ವರ್ಷದ ಅಕ್ಟೋಬರ್‌ನಲ್ಲಿ ಓಕ್ಲಹೋಮಾ ಸಿಟಿ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯದಲ್ಲಿ ರೆಫರಿಗಳಿಗೆ ಕೊಟ್ಟರು. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್ ಇದನ್ನು 1948ರಲ್ಲಿ ಒಪ್ಪಿಕೊಂಡಿತು, ಬಣ್ಣ ಹಳದಿಯಾದದ್ದು 1965ರಲ್ಲಿ. ತೂಕದ ಗುಂಡಿಗೂ ಒಂದು ಕೆಟ್ಟ ಕತೆಯಿದೆ. 1999ರ ಡಿಸೆಂಬರ್‌ನಲ್ಲಿ ರೆಫರಿ ಜೆಫ್ ಟ್ರಿಪ್ಲೆಟ್ ಎಸೆದ ಬಾವುಟದೊಳಗಿದ್ದ ಲೋಹದ ಕಾಳುಗಳು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಒರ್ಲಾಂಡೊ ಬ್ರೌನ್ ಕಣ್ಣಿಗೆ ಬಡಿದವು. ನೋವಿನಲ್ಲಿದ್ದ ಬ್ರೌನ್ ರೆಫರಿಯನ್ನು ನೆಲಕ್ಕೆ ತಳ್ಳಿದರು. ಕಣ್ಣಿನ ಗಾಯದಿಂದ ಮೂರು ಋತುಗಳ ಕಾಲ ಆಡಲಾಗಲಿಲ್ಲ.

ಎನ್‌ಎಫ್‌ಎಲ್‌ನ ಪಂದ್ಯವೊಂದಕ್ಕೆ ಏಳು ಅಧಿಕಾರಿಗಳಿರುತ್ತಾರೆ. ಕಪ್ಪು-ಬಿಳಿ ಪಟ್ಟೆಯ ಅಂಗಿ ಎಲ್ಲರದೂ ಒಂದೇ; ಬಿಳಿ ಟೋಪಿ ಹಾಕಿದವರೊಬ್ಬರೇ ರೆಫರಿ, ಮುಖ್ಯಸ್ಥರು. ಬಾವುಟ ಎಸೆಯುವ ಅಧಿಕಾರ ಏಳೂ ಜನರಿಗೆ ಸಮಾನ. ರೆಫರಿ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ನಿಂತು ಅವರ ಮೇಲಾಗುವ ಹೊಡೆತಗಳನ್ನು ನೋಡುತ್ತಾರೆ, ಅಂಪೈರ್ ಮುಂಚೂಣಿಯ ದೈತ್ಯರ ಕೈಗಳನ್ನು, ಆಟ ಶುರುವಾಗುವ ಗೆರೆಯ ಎರಡು ತುದಿಗಳಲ್ಲಿರುವವರು ಆಫ್‌ಸೈಡ್ (ಆಟ ಶುರುವಾಗುವ ಹೊತ್ತಿಗೆ ಗೆರೆ ದಾಟಿರುವುದು) ಅನ್ನು, ದೂರದಲ್ಲಿ ನಿಂತವರು ಚೆಂಡು ಹಿಡಿಯಲು ಓಡುವವರನ್ನು. ಒಬ್ಬೊಬ್ಬರಿಗೂ ನೋಡಲು ಒಂದೊಂದು ಪಾಲು. ಎಲ್ಲರೂ ಚೆಂಡಿನ ಹಿಂದೆ ಕಣ್ಣೋಡಿಸಿದರೆ ಈ ವ್ಯವಸ್ಥೆ ಕುಸಿಯುತ್ತದೆ. ಪ್ರೇಕ್ಷಕರು ಚೆಂಡನ್ನು ನೋಡುತ್ತಾರೆ, ಅಧಿಕಾರಿಗಳು ಅದನ್ನು ಬಿಟ್ಟು ಉಳಿದದ್ದನ್ನು ನೋಡುತ್ತಾರೆ. ಅರ್ಧದಷ್ಟು ಜಗಳಗಳು ಹುಟ್ಟುವುದೇ ಇದರಿಂದ.

ಬಾವುಟ ಬಿದ್ದ ಮಾತ್ರಕ್ಕೆ ಆಟ ನಿಲ್ಲುವುದಿಲ್ಲ. ಆಟ ನಿಲ್ಲಿಸುವುದು ಸೀಟಿ. ಸ್ನ್ಯಾಪ್ ಆಗುವ ಮುನ್ನ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುವ ಮುನ್ನ ಆಕ್ರಮಣ ತಂಡದವರೊಬ್ಬರು ಬೆಚ್ಚಿಬಿದ್ದು ಅಲುಗಾಡಿದರೆ ಅದು ಫಾಲ್ಸ್ ಸ್ಟಾರ್ಟ್. ತಕ್ಷಣ ಸೀಟಿ, ಆಟ ಆರಂಭವೇ ಆಗುವುದಿಲ್ಲ. ತವರಿನ ಪ್ರೇಕ್ಷಕರು ಎದುರಾಳಿ ಚೆಂಡು ಹಿಡಿದಾಗ ಕಿವಿ ತೂತಾಗುವಂತೆ ಕಿರುಚುವುದು ಇದಕ್ಕಾಗಿಯೇ: ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳದೆ ಆಟಗಾರರು ತಪ್ಪು ಕ್ಷಣದಲ್ಲಿ ಅಲುಗಲಿ ಎಂದು. 2005ರಲ್ಲಿ ಸಿಯಾಟಲ್‌ಗೆ ಬಂದ ನ್ಯೂಯಾರ್ಕ್ ಜೈಂಟ್ಸ್ ಒಂದೇ ಪಂದ್ಯದಲ್ಲಿ 11 ಫಾಲ್ಸ್ ಸ್ಟಾರ್ಟ್ ಮಾಡಿತು. ಗ್ಯಾಲರಿಯಲ್ಲಿ ಕುಳಿತವರು ಎದುರಾಳಿಗೆ ದಂಡ ಹಾಕಿಸಬಲ್ಲ ಕ್ರೀಡೆ ನನಗೆ ತಿಳಿದಂತೆ ಬೇರೊಂದಿಲ್ಲ.

ಆಟ ನಡೆಯುತ್ತಿರುವಾಗ ಆದ ತಪ್ಪುಗಳ ದಾರಿ ಬೇರೆ. ಅಲ್ಲಿ ಬಾವುಟ ಬಿದ್ದರೂ ಆಟ ಕೊನೆಯವರೆಗೆ ಸಾಗುತ್ತದೆ, ಲೆಕ್ಕ ಆಮೇಲೆ. ಎರಡೂ ಬಗೆಯ ತಪ್ಪುಗಳಿಗೆ ಸೇರಿ ಮೂರು ದರಗಳಿವೆ. ಶಿಸ್ತು ಮತ್ತು ಸಮಯಕ್ಕೆ ಸಂಬಂಧಿಸಿದ ಸಣ್ಣ ತಪ್ಪುಗಳಿಗೆ ಐದು ಗಜ: ಆಫ್‌ಸೈಡ್, ಆಟಗಾರರು ತಪ್ಪು ಜೋಡಣೆಯಲ್ಲಿ ನಿಲ್ಲುವುದು, ಆಟ ಶುರುಮಾಡಲು ತಡಮಾಡುವುದು. ಕೈ ಬಳಸಿ ಅನ್ಯಾಯದ ಲಾಭ ಪಡೆದರೆ ಹತ್ತು: ಆಕ್ರಮಣ ತಂಡದ ಹೋಲ್ಡಿಂಗ್ ಇದರಲ್ಲಿ ಮುಖ್ಯ. ಎದುರಾಳಿಯ ದೇಹಕ್ಕೆ ಅಪಾಯ ತರುವ ಅಥವಾ ಮೈದಾನದ ಮರ್ಯಾದೆ ಕೆಡಿಸುವ ತಪ್ಪುಗಳಿಗೆ ಹದಿನೈದು: ಹೆಲ್ಮೆಟ್‌ನ ಮುಖಜಾಲರಿ ಹಿಡಿದೆಳೆಯುವುದು, ಚೆಂಡು ಎಸೆದು ಮುಗಿಸಿದ ಕ್ವಾರ್ಟರ್‌ಬ್ಯಾಕ್‌ಗೆ ಡಿಕ್ಕಿ ಹೊಡೆಯುವುದು, ಬೈಗುಳ, ಅಣಕ. ಅಸಭ್ಯ ವರ್ತನೆಗೆ ಒಂದೇ ಪಂದ್ಯದಲ್ಲಿ ಎರಡು ಸಲ ಸಿಕ್ಕಿಬಿದ್ದರೆ 2016ರಿಂದ ಹೊರಗಿನ ದಾರಿ.

ಈ ಮೂರು ದರಗಳನ್ನು ಬಾಯಿಪಾಠ ಮಾಡಿದವರೂ ಎಡವುವುದು ಡೌನ್ ವಿಷಯದಲ್ಲಿ. ಬಹುತೇಕ ದಂಡಗಳಲ್ಲಿ ಅದೇ ಡೌನ್ ಮತ್ತೆ ಆಡಲಾಗುತ್ತದೆ. ಮೂರನೇ ಡೌನ್‌ನಲ್ಲಿ ಆಕ್ರಮಣ ತಂಡ ಹೋಲ್ಡಿಂಗ್ ಮಾಡಿದರೆ, ಹತ್ತು ಗಜ ಹಿಂದೆ ಹೋಗಿ ಮತ್ತೆ ಮೂರನೇ ಡೌನ್. ರಕ್ಷಣಾ ತಂಡದ ಗಂಭೀರ ತಪ್ಪುಗಳು ಮಾತ್ರ ತಾನಾಗಿಯೇ ಫಸ್ಟ್ ಡೌನ್ ಕೊಡುತ್ತವೆ. ಐದು ಗಜದ ದರದಲ್ಲಿದ್ದರೂ ಹೋಲ್ಡಿಂಗ್ ಅಂಥದ್ದು, ಆಫ್‌ಸೈಡ್ ಅಂಥದ್ದಲ್ಲ. ಇದಕ್ಕೆ ತದ್ವಿರುದ್ಧವಾಗಿ ಅವಕಾಶವನ್ನೇ ಕಳೆಯುವ ದಂಡಗಳೂ ಇವೆ. ತನ್ನ ಮೇಲೆ ಎದುರಾಳಿಗಳು ಬೀಳಲಿದ್ದಾರೆ ಎಂದು ಹೆದರಿ ಕ್ವಾರ್ಟರ್‌ಬ್ಯಾಕ್ ಯಾರೂ ಇಲ್ಲದ ಕಡೆ ಚೆಂಡು ಬಿಸಾಡಿದರೆ ಗಜವೂ ಹೋಗುತ್ತದೆ, ಡೌನ್ ಕೂಡ ಹೋಗುತ್ತದೆ. ಅದನ್ನು ತನ್ನದೇ ಎಂಡ್ ಝೋನ್‌ನೊಳಗಿಂದ, ಅಂದರೆ ತನ್ನ ಗೋಲು ಗೆರೆಯ ಹಿಂದಿನ ಜಾಗದಿಂದ ಮಾಡಿದರೆ ಸೇಫ್ಟಿ: ಎದುರಾಳಿಗೆ ಎರಡು ಅಂಕ, ಮೇಲಿಂದ ಚೆಂಡೂ ಅವರಿಗೆ.

ಇನ್ನು ಎಲ್ಲಿಂದ ಅಳೆಯಬೇಕು? ಸಾಮಾನ್ಯವಾಗಿ ಆಟ ಶುರುವಾದ ಗೆರೆಯಿಂದ. ಆದರೆ ಚೆಂಡು ಹಿಡಿದು ಓಡುವ ಆಟದಲ್ಲಿ, ಓಟ ಮುಗಿದ ಜಾಗಕ್ಕಿಂತ ಹಿಂದೆ ಸ್ವಂತ ತಂಡದವರು ತಪ್ಪು ಮಾಡಿದ್ದರೆ ತಪ್ಪಾದ ಜಾಗದಿಂದಲೇ ಅಳೆಯುತ್ತಾರೆ. ಒಬ್ಬರು ಮೂವತ್ತು ಗಜ ಓಡಿದರು ಎಂದುಕೊಳ್ಳಿ. ದಾರಿಯಲ್ಲಿ, ಗೆರೆಯಿಂದ ಹನ್ನೆರಡು ಗಜ ಮುಂದೆ, ಅವರ ಜೊತೆಗಾರ ಎದುರಾಳಿಯೊಬ್ಬರನ್ನು ತಬ್ಬಿಹಿಡಿದರು. ಆಗ ಮೂವತ್ತು ಗಜ ಮರೆತುಬಿಡಿ. ಹನ್ನೆರಡರಿಂದ ಹತ್ತು ಕಳೆದು ಉಳಿಯುವುದು ಎರಡೇ ಗಜದ ಗಳಿಕೆ. ಓಟದ ಅರ್ಥಪೂರ್ಣ ಭಾಗ ತಪ್ಪಾಗುವವರೆಗಿನದು ಮಾತ್ರ ಎಂಬುದು ಇದರ ಹಿಂದಿನ ತರ್ಕ, ನ್ಯಾಯವಾಗಿಯೇ ಇದೆ. ಗೋಲು ಗೆರೆ ಹತ್ತಿರವಿದ್ದು, ದಂಡದ ಗಜಗಳು ಅಲ್ಲಿಗೆ ಉಳಿದ ದೂರದ ಅರ್ಧಕ್ಕಿಂತ ಹೆಚ್ಚಾದರೆ ಆ ಅರ್ಧದಷ್ಟೇ ಸರಿಸುತ್ತಾರೆ. ದಂಡದ ಬಲದಿಂದಲೇ ಟಚ್‌ಡೌನ್ ಆಗಿಬಿಡಬಾರದಲ್ಲ.

ಗಜದ ದರಪಟ್ಟಿಯನ್ನೇ ಮುರಿಯುವ ದಂಡವೊಂದಿದೆ: ರಕ್ಷಣಾ ತಂಡದ ಪಾಸ್ ಇಂಟರ್‌ಫಿಯರೆನ್ಸ್. ಗಾಳಿಯಲ್ಲಿರುವ ಚೆಂಡನ್ನು ಹಿಡಿಯಲು ಹೊರಟವರನ್ನು ಚೆಂಡು ತಲುಪುವ ಮುನ್ನವೇ ತಳ್ಳುವುದು, ಕೈ ಹಿಡಿಯುವುದು, ಅಡ್ಡಬೀಳುವುದು. ಎನ್‌ಎಫ್‌ಎಲ್‌ನಲ್ಲಿ ಇದಕ್ಕೆ ಚೆಂಡು ನೇರವಾಗಿ ತಪ್ಪಾದ ಜಾಗಕ್ಕೇ ಹೋಗುತ್ತದೆ, ಜೊತೆಗೆ ಫಸ್ಟ್ ಡೌನ್. ಅದು ಎಂಟು ಗಜವಿರಬಹುದು, ಐವತ್ತೂ ಇರಬಹುದು. ಎಂಡ್ ಝೋನ್‌ನಲ್ಲಿ ಆದರೆ ಚೆಂಡನ್ನು ಒಂದು ಗಜದ ಗೆರೆಯ ಮೇಲಿಡುತ್ತಾರೆ. ಕಾಲೇಜು ಫುಟ್‌ಬಾಲ್‌ನಲ್ಲಿ ಇದೇ ತಪ್ಪಿಗೆ ಹದಿನೈದು ಗಜದ ಮಿತಿಯಿದೆ. ಎರಡರಲ್ಲಿ ಯಾವುದು ಸರಿ ಎಂಬ ವಾದ ಮುಗಿದಿಲ್ಲ. ಕಾಲೇಜಿನ ನಿಯಮದಲ್ಲಿ, ನಲವತ್ತು ಗಜದ ಹೊಡೆತ ತಪ್ಪಿಸಲು ಬೇಕೆಂದೇ ತಳ್ಳಿ ಹದಿನೈದು ಕೊಟ್ಟು ಪಾರಾಗುವುದು ಜಾಣತನವಾಗುತ್ತದೆ. ತಪ್ಪು ಮಾಡುವುದೇ ಲಾಭವಾಗುವ ನಿಯಮಕ್ಕಿಂತ ಎನ್‌ಎಫ್‌ಎಲ್‌ನ ಕಠೋರ ನಿಯಮವೇ ನನಗೆ ಹೆಚ್ಚು ಒಪ್ಪಿಗೆ. ಆದರೆ ಒಬ್ಬ ಮನುಷ್ಯನ ಕ್ಷಣದ ನಿರ್ಧಾರಕ್ಕೆ ಐವತ್ತು ಗಜದ ಭಾರ ಹೊರಿಸುವುದು ಅದರ ಬೆಲೆ.

ಇಷ್ಟೆಲ್ಲ ಆದ ಮೇಲೂ ದಂಡ ಜಾರಿಯಾಗಲೇಬೇಕೆಂದಿಲ್ಲ. ಅನ್ಯಾಯಕ್ಕೊಳಗಾದ ತಂಡ ಅದನ್ನು ಬೇಡವೆನ್ನಬಹುದು. ಕ್ರಿಕೆಟ್‌ನಲ್ಲಿ ನೋಬಾಲ್ ಆದರೆ ಬ್ಯಾಟಿಂಗ್ ತಂಡಕ್ಕೆ ದಂಡದ ರನ್ನೂ ಸಿಗುತ್ತದೆ, ಆ ಚೆಂಡಿಗೆ ಹೊಡೆದ ಸಿಕ್ಸರೂ ಸಿಗುತ್ತದೆ. ಇಲ್ಲಿ ಹಾಗಲ್ಲ, ಎರಡರಲ್ಲಿ ಒಂದನ್ನು ಆರಿಸಬೇಕು: ಆಟದ ಫಲಿತಾಂಶ ಅಥವಾ ದಂಡ. ಮೂರನೇ ಡೌನ್, ಹತ್ತು ಗಜ ಬೇಕು. ಆಕ್ರಮಣ ತಂಡ ಹೋಲ್ಡಿಂಗ್ ಮಾಡಿಯೂ ನಾಲ್ಕೇ ಗಜ ಸಾಗಿತು. ರಕ್ಷಣಾ ತಂಡದ ಕೋಚ್ ದಂಡ ಒಪ್ಪಿದರೆ ಎದುರಾಳಿಗೆ ಇಪ್ಪತ್ತು ಗಜದ ಗುರಿಯೊಂದಿಗೆ ಮತ್ತೆ ಮೂರನೇ ಡೌನ್. ಬೇಡವೆಂದರೆ ಆರು ಗಜ ಬಾಕಿಯಿರುವ ನಾಲ್ಕನೇ ಡೌನ್. ಬಹುಶಃ ಎದುರಾಳಿಗಳು ಚೆಂಡನ್ನು ಒದ್ದು ಬಿಟ್ಟುಕೊಡುತ್ತಾರೆ. ಹೆಚ್ಚಿನ ಕೋಚ್‌ಗಳು ಬೇಡವೆನ್ನುತ್ತಾರೆ. ಹದಿನೈದು ಗಜದ ದೈಹಿಕ ತಪ್ಪುಗಳಿಗೆ ಮಾತ್ರ ಈ ನಿಯಮ ಸಡಿಲ: ಎಸೆದ ಚೆಂಡು ಜೊತೆಗಾರನ ಕೈಸೇರಿದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಅನ್ಯಾಯದ ಹೊಡೆತ ಬಿದ್ದಿದ್ದರೆ ಗಳಿಸಿದ ದೂರವೂ ಉಳಿಯುತ್ತದೆ, ಹದಿನೈದು ಗಜವೂ ಸೇರುತ್ತದೆ. ಎರಡೂ ತಂಡಗಳು ತಪ್ಪು ಮಾಡಿದ್ದರೆ ಸಾಮಾನ್ಯವಾಗಿ ವಜಾಕ್ಕೆ ವಜಾ, ಡೌನ್ ಮತ್ತೆ ಆಡುತ್ತಾರೆ.

ಬೇಡವೆನ್ನುವ ಈ ಹಕ್ಕಿನಿಂದ ಒಂದು ಕಳ್ಳಾಟವೂ ಹುಟ್ಟಿದೆ. ಕ್ವಾರ್ಟರ್‌ಬ್ಯಾಕ್ ತನ್ನ ಕೂಗಿನ ಏರಿಳಿತದಿಂದ ರಕ್ಷಣಾ ತಂಡದವರನ್ನು ಏಮಾರಿಸುತ್ತಾರೆ. ಯಾರಾದರೂ ಮುನ್ನುಗ್ಗಿ ಆಫ್‌ಸೈಡ್ ಆದರು ಎನ್ನಿ, ತಕ್ಷಣ ಸ್ನ್ಯಾಪ್ ಮಾಡಿಸಿ ಚೆಂಡನ್ನು ಬಹುದೂರಕ್ಕೆ ಎಸೆಯುತ್ತಾರೆ. ಹಿಡಿದರೆ ಲಾಭ, ಎದುರಾಳಿಯೇ ಹಿಡಿದುಬಿಟ್ಟರೂ ಚಿಂತೆಯಿಲ್ಲ, ದಂಡ ಒಪ್ಪಿಕೊಂಡು ಐದು ಗಜ ಪಡೆದರಾಯಿತು. ಆರನ್ ರಾಡ್ಜರ್ಸ್ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿದ್ದಾಗ ಇದನ್ನೊಂದು ಕಲೆಯಾಗಿಸಿದ್ದರು.

ರೆಫರಿ ಮೈಕಿನಲ್ಲಿ ಹೇಳುವ ಒಂದೆರಡು ವಾಕ್ಯದಲ್ಲಿ ಇವೆಲ್ಲವೂ ಅಡಗಿರುತ್ತವೆ. ‘ಹೋಲ್ಡಿಂಗ್, ಆಕ್ರಮಣ ತಂಡ, 72ನೇ ಸಂಖ್ಯೆ, ಹತ್ತು ಗಜ, ಮತ್ತೆ ಮೂರನೇ ಡೌನ್’ ಎಂಬಂಥ ಘೋಷಣೆ ಕೇಳಿದಾಗ ಹೊಸಬರು ಕೊನೆಯ ತುಣುಕನ್ನು ಗಮನಿಸಿದರೆ ಸಾಕು. ಸಂಖ್ಯೆ ಕೇಳಿ ಆ ಆಟಗಾರರನ್ನು ಬೈಯುವ ಕೆಲಸಕ್ಕೆ ಅಭಿಮಾನಿಗಳಿದ್ದಾರೆ.

ದೇಹಕ್ಕೆ ಸಂಬಂಧಿಸಿದ ನಿಯಮಗಳು ಹೆಚ್ಚುತ್ತಲೇ ಬಂದಿವೆ, ಅದಕ್ಕೆ ಹಳೆಯ ಇತಿಹಾಸವಿದೆ. 20ನೇ ಶತಮಾನದ ಆರಂಭದಲ್ಲಿ ಕಾಲೇಜು ಹುಡುಗರು ಈ ಆಟದಲ್ಲಿ ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ನಿಯಮಗಳು ಬದಲಾದವು: ಮುಂದಕ್ಕೆ ಚೆಂಡು ಎಸೆಯಲು ಅನುಮತಿ ಸಿಕ್ಕಿತು, ಎರಡು ತಂಡಗಳ ನಡುವೆ ಚೆಂಡಿನಷ್ಟು ಅಗಲದ ತಟಸ್ಥ ಜಾಗ ಬಂದಿತು, ಫಸ್ಟ್ ಡೌನ್‌ಗೆ ಐದು ಗಜವಿದ್ದದ್ದು ಹತ್ತಾಯಿತು. ಇಂದಿನ ಆಫ್‌ಸೈಡ್ ದಂಡ ಕಾಯುತ್ತಿರುವುದು ಆ ತಟಸ್ಥ ಜಾಗವನ್ನೇ. ಅಲ್ಲಿಂದ ಈಚೆಗೆ ಹಿಂದಿನಿಂದ ಕೊರಳಪಟ್ಟಿಯ ಬಳಿ ಹಿಡಿದು ಕೆಡವುವುದನ್ನು 2005ರಲ್ಲಿ ನಿಷೇಧಿಸಿದರು. ಸೊಂಟ ಹಿಡಿದು ತಿರುಗಿ ಎದುರಾಳಿಯ ಕಾಲಿನ ಮೇಲೆ ಭಾರ ಬಿಡುವ ಹಿಪ್-ಡ್ರಾಪ್ ಟ್ಯಾಕಲ್ ನಿಷೇಧವಾದದ್ದು 2024ರಲ್ಲಿ. ಎಲ್ಲವೂ ಸುಲಭವಾಗಿ ಜೀರ್ಣವಾಗಿಲ್ಲ. ಕ್ವಾರ್ಟರ್‌ಬ್ಯಾಕ್ ಮೇಲೆ ಪೂರ್ತಿ ಮೈಭಾರ ಹಾಕಿ ಬೀಳಬಾರದು ಎಂಬುದನ್ನು 2018ರಲ್ಲಿ ಬಿಗಿಯಾಗಿ ಜಾರಿಗೊಳಿಸಿದಾಗ ಪ್ಯಾಕರ್ಸ್‌ನ ಕ್ಲೇ ಮ್ಯಾಥ್ಯೂಸ್ ಋತುವಿನ ಮೊದಲ ಮೂರೂ ಪಂದ್ಯಗಳಲ್ಲಿ ದಂಡ ತೆತ್ತರು. ನೂರು ಕಿಲೋ ಮೀರಿದ ಮನುಷ್ಯ ಓಡಿಬಂದು ಇನ್ನೊಬ್ಬನನ್ನು ಕೆಡವಿದ ಮೇಲೆ ಗಾಳಿಯಲ್ಲೇ ಮಗ್ಗುಲಾಗಬೇಕು ಎಂದರೆ ಹೇಗೆ ಎಂದು ಬಹಳ ಜನ ಕೇಳಿದರು. ಪ್ರಶ್ನೆ ಸರಿಯಾದದ್ದೇ, ಆದರೂ ನಿಯಮ ಉಳಿದುಕೊಂಡಿದೆ.

ಈಗ ಬ್ರಾಡ್‌ಬೆರಿಯ ಆಸೆಯ ವಿಷಯ. ಹೋಲ್ಡಿಂಗ್ ಅನ್ನು ಅಕ್ಷರಶಃ ಹುಡುಕಿದರೆ ಬಹುತೇಕ ಪ್ರತಿ ಡೌನ್‌ನಲ್ಲೂ ಒಂದಾದರೂ ಸಿಗುತ್ತದೆ ಎಂದು ಬಲ್ಲವರು ಹೇಳುವುದುಂಟು. 1978ರಿಂದ ಮುಂಚೂಣಿಯ ಆಟಗಾರರು ತೋಳು ಚಾಚಿ, ಅಂಗೈ ತೆರೆದು ತಡೆಯಬಹುದು. ಅಂಗೈ ಇಟ್ಟ ಜಾಗದಲ್ಲೇ ಬೆರಳು ಮಡಚಿ ಜೆರ್ಸಿ ಹಿಡಿದರೆ ತಪ್ಪು, ಅದೂ ಎದುರಾಳಿಯ ಚಲನೆಯನ್ನು ನಿಜವಾಗಿ ಕಟ್ಟಿಹಾಕಿದ್ದರೆ. ಆಟ ಎಡಕ್ಕೆ ಸಾಗಿದಾಗ ಬಲತುದಿಯಲ್ಲಿ ಇಬ್ಬರು ಅಪ್ಪಿಕೊಂಡು ನಿಂತಿದ್ದರೆ ಅನುಭವಿ ಅಧಿಕಾರಿ ಬಾವುಟವನ್ನು ಸೊಂಟದಲ್ಲೇ ಬಿಡುತ್ತಾರೆ. ಆಫ್‌ಸೈಡ್ ಹಾಗಲ್ಲ, ಅದು ಗೆರೆಯ ವಿಷಯ: ದಾಟಿದ್ದೀರಿ ಅಥವಾ ಇಲ್ಲ. 2023ರ ಡಿಸೆಂಬರ್‌ನಲ್ಲಿ ಬಫಲೊ ಬಿಲ್ಸ್ ವಿರುದ್ಧ ಚೀಫ್ಸ್‌ನ ಟ್ರಾವಿಸ್ ಕೆಲ್ಸಿ ಚೆಂಡು ಹಿಡಿದು ಅಡ್ಡಕ್ಕೆ ಎಸೆದು, ಅದನ್ನು ಪಡೆದ ಕಡೇರಿಯಸ್ ಟೋನಿ ಟಚ್‌ಡೌನ್ ಮಾಡಿದಾಗ ಕ್ರೀಡಾಂಗಣವೇ ಎದ್ದು ನಿಂತಿತ್ತು. ಆದರೆ ಟೋನಿ ಆಟಕ್ಕೆ ಮುನ್ನ ಗೆರೆಯಿಂದ ಆಚೆ ಕಾಲಿಟ್ಟು ನಿಂತಿದ್ದರು. ಟಚ್‌ಡೌನ್ ರದ್ದಾಯಿತು, ಬಿಲ್ಸ್ 20-17ರಲ್ಲಿ ಗೆದ್ದಿತು. ಸಿಟ್ಟು ಬರಬಹುದು, ವಾದಕ್ಕೆ ಎಡೆಯಿಲ್ಲ.

ವಾದ ಹುಟ್ಟುವುದು ವಿವೇಚನೆಯ ಜಾಗದಲ್ಲಿ. 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸೇಂಟ್ಸ್ ಮತ್ತು ಲಾಸ್ ಏಂಜಲೀಸ್ ರ‍್ಯಾಮ್ಸ್ ನಡುವೆ ಸೂಪರ್ ಬೌಲ್‌ಗೆ ದಾರಿ ತೆರೆಯುವ ಪಂದ್ಯ. 20-20 ಸಮ, ಎರಡು ನಿಮಿಷಕ್ಕಿಂತ ಕಡಿಮೆ ಸಮಯ, ಮೂರನೇ ಡೌನ್, ಗೋಲು ಗೆರೆಗೆ 13 ಗಜ. ನಾಲ್ಕು ವರ್ಷದ ನಂತರ ಬ್ರಾಡ್‌ಬೆರಿ ಸಿಲುಕಿದಂಥದ್ದೇ ಸನ್ನಿವೇಶ. ಸೇಂಟ್ಸ್‌ನ ಟಾಮಿಲೀ ಲೂಯಿಸ್ ಕಡೆಗೆ ಚೆಂಡು ಹೊರಟಿತು. ಅದು ತಲುಪುವ ಮುನ್ನವೇ ರ‍್ಯಾಮ್ಸ್‌ನ ನಿಕೆಲ್ ರೋಬಿ-ಕೋಲ್ಮನ್ ಬಂದು ಲೂಯಿಸ್‌ಗೆ ಡಿಕ್ಕಿ ಹೊಡೆದು ಉರುಳಿಸಿದರು. ಮನೆಯಲ್ಲಿ ಕುಳಿತ ಮಕ್ಕಳಿಗೂ ಕಂಡ ತಪ್ಪು. ಬಾವುಟ ಬೀಳಲಿಲ್ಲ. ಸೇಂಟ್ಸ್ ಫೀಲ್ಡ್ ಗೋಲ್‌ಗೆ ತೃಪ್ತಿಪಡಬೇಕಾಯಿತು, ಉಳಿದ ಸಮಯದಲ್ಲಿ ರ‍್ಯಾಮ್ಸ್ ಸಮ ಮಾಡಿಕೊಂಡು ಹೆಚ್ಚುವರಿ ಅವಧಿಯಲ್ಲಿ 26-23ರಲ್ಲಿ ಗೆದ್ದಿತು. ಲೀಗಿನ ಅಧಿಕಾರಿಗಳೇ ತಪ್ಪು ಒಪ್ಪಿಕೊಂಡರೆಂದು ಸೇಂಟ್ಸ್ ಕೋಚ್ ಶಾನ್ ಪೇಟನ್ ಪತ್ರಕರ್ತರಿಗೆ ತಿಳಿಸಿದರು. ದೊಡ್ಡ ಪಂದ್ಯದ ಕೊನೆಯಲ್ಲಿ ರೆಫರಿಗಳು ಆಟಗಾರರನ್ನು ಅವರ ಪಾಡಿಗೆ ಬಿಡಬೇಕು ಎನ್ನುವವರು ಈ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬಾವುಟ ಎಸೆದದ್ದಕ್ಕೆ ಫಿಲಡೆಲ್ಫಿಯಾ ಕಿರುಚಿತು, ಎಸೆಯದೆ ಇದ್ದದ್ದಕ್ಕೆ ನ್ಯೂ ಆರ್ಲಿಯನ್ಸ್. ಬಿಡುವುದೂ ಒಂದು ತೀರ್ಪೇ, ಅದರಿಂದಲೂ ಒಬ್ಬರಿಗೆ ಲಾಭವಾಗುತ್ತದೆ.

ನ್ಯೂ ಆರ್ಲಿಯನ್ಸ್‌ನ ಗಲಾಟೆಗೆ ಹೆದರಿದ ಲೀಗ್ 2019ರ ಋತುವಿನಲ್ಲಿ ಪಾಸ್ ಇಂಟರ್‌ಫಿಯರೆನ್ಸ್ ಅನ್ನು ವಿಡಿಯೊ ಮರುಪರಿಶೀಲನೆಗೆ ಒಳಪಡಿಸಿತು. ಎಸೆದ ಬಾವುಟವನ್ನಷ್ಟೇ ಅಲ್ಲ, ಎಸೆಯದೆ ಬಿಟ್ಟದ್ದನ್ನೂ. ಸ್ಪಷ್ಟ ಪುರಾವೆ ಇದ್ದರೆ ಮಾತ್ರ ತೀರ್ಪು ಬದಲಿಸಬೇಕೆಂಬ ಷರತ್ತಿತ್ತು. ಎಷ್ಟು ಸ್ಪಷ್ಟವಾದರೆ ಸ್ಪಷ್ಟ ಎಂಬುದು ವಾರದಿಂದ ವಾರಕ್ಕೆ ಬದಲಾಗುತ್ತ, ಕೋಚ್‌ಗಳು ಸವಾಲು ಹಾಕಿ ಹಾಕಿ ಸೋತರು. ನಿಧಾನಗತಿಯ ವಿಡಿಯೊದಲ್ಲಿ ಪ್ರತಿ ಸ್ಪರ್ಶವೂ ಅಪರಾಧದಂತೆ ಕಾಣುತ್ತದೆ, ನೈಜ ವೇಗದಲ್ಲಿ ಅರ್ಧದಷ್ಟು ಏನೂ ಅಲ್ಲ. ಒಂದೇ ಋತುವಿಗೆ ಆ ಪ್ರಯೋಗ ಮುಗಿಯಿತು, 2020ರಲ್ಲಿ ನಿಯಮವನ್ನು ಮುಂದುವರಿಸಲಿಲ್ಲ. ಆಮೇಲೆ ಹಿಡಿದ ದಾರಿ ಹೆಚ್ಚು ಎಚ್ಚರದ್ದು. 2025ರ ಋತುವಿಗೆ ಬರುವ ಹೊತ್ತಿಗೆ ಮುಖಜಾಲರಿ ಎಳೆದದ್ದು, ಕೊರಳಪಟ್ಟಿ ಹಿಡಿದು ಕೆಡವಿದ್ದು ಮುಂತಾದ ಕೆಲವು ತಪ್ಪುಗಳಿಗೆ ಬಾವುಟ ಬಿದ್ದಾಗ, ಅಂಥದ್ದು ನಡೆದೇ ಇಲ್ಲವೆಂದು ವಿಡಿಯೊದಲ್ಲಿ ಸ್ಪಷ್ಟವಾಗಿ ಕಂಡರೆ ಪರಿಶೀಲನಾ ಕೊಠಡಿಯವರು ಮೈದಾನಕ್ಕೆ ತಿಳಿಸಿ ಆ ಬಾವುಟವನ್ನು ಎತ್ತಿಸಬಹುದು. ಬೀಳದ ಬಾವುಟವನ್ನು ಬೀಳಿಸುವ ಅಧಿಕಾರವನ್ನು ಆ ನಿಯಮ ಅವರಿಗೆ ಕೊಡಲಿಲ್ಲ.